ಮಾಫಿಯಾಗುವ ಸರ್ಕಾರಿ ಸಾಲಭಾಗವೂ ಗ್ರಾಮೋದ್ಯಮಿಯ ಕರ್ತವ್ಯವೂ

ಬೆಳೆದ ಕಾಳನ್ನು ಕಣದಿಂದ ನೇರವಾಗಿ ಮಂಡಿಗೆ ಸಾಗಿಸುವುದಕ್ಕಿಂತ ಊರಿನಲ್ಲಿಯೇ ಅದನ್ನು ಎಣ್ಣೆಯಾಗಿಯೋ, ಬೇಳೆಯಾಗಿಯೋ, ಹಿಟ್ಟಾಗಿಯೋ ಮಾಡಿ ಮಾರಿದರೆ ಹೆಚ್ಚಿನ ಲಾಭವುಂಟೆಂಬುದು ರೈತರಿಗೆ ಹೊಸ ಮಾತಲ್ಲ. ಆದರೆ ಗಾಣಕ್ಕಾಗಲಿ, ಬೇಳೆ ಒಡೆಯುವ ಯಂತ್ರಕ್ಕಾಗಲಿ ಬೇಕಾಗುವ ಬಂಡವಾಳವು ಒಂದು ಬೆಳೆಯ ಆದಾಯದಿಂದ ಒದಗತಕ್ಕದ್ದಲ್ಲ. ಆದಕಾರಣ ಇಂತಹ ಉದ್ಯಮಗಳಿಗೆ ಬ್ಯಾಂಕುಗಳ ಮೂಲಕ ಸಾಲ ಕೊಡಿಸಿ, ಆ ಸಾಲದ ಒಂದು ಭಾಗವನ್ನು ಸರ್ಕಾರವೇ ವಹಿಸಿಕೊಳ್ಳುವ ಏರ್ಪಾಡು ನಡೆದುಬಂದಿದೆ. ಈ ಭಾಗವು ಸಾಲಗಾರನಿಗೆ ತಾನಾಗಿಯೇ ಸಲ್ಲುವುದಿಲ್ಲ; ಕೆಲವು ಷರತ್ತುಗಳನ್ನು ನಡೆಸಿಕೊಟ್ಟವನಿಗೆ ಮಾತ್ರ ಸಲ್ಲುತ್ತದೆ. ಷರತ್ತುಗಳನ್ನು ಅರಿಯದೆ ಹಣವನ್ನು ಕೈಗೆ ತೆಗೆದುಕೊಂಡು, ಮೂರು ವರ್ಷಗಳ ನಂತರ ದೊರೆಯಬೇಕಾಗಿದ್ದ ಲಕ್ಷಗಟ್ಟಲೆ ರೂಪಾಯಿಯನ್ನು ಕಳೆದುಕೊಳ್ಳುವ ಸಂಭವವುಂಟು. ಆದ್ದರಿಂದ ಈ ಸಾಲದ ಸ್ವರೂಪವನ್ನೂ ಅದನ್ನು ನಿರ್ವಹಿಸತಕ್ಕ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಸಾಲದ ಸ್ವರೂಪ

ಬಾವಿ ತೋಡಿಸುವುದಕ್ಕೂ, ಏರಿ ಹಾಕಿಸುವುದಕ್ಕೂ, ಎತ್ತು ಬಿತ್ತನೆಗಳನ್ನು ಕೊಳ್ಳುವುದಕ್ಕೂ ಸರ್ಕಾರದಿಂದ ದೊರೆಯುತ್ತಿದ್ದ ತಕಾವಿ ಸಾಲದ ವಿಷಯವನ್ನು ಹಿರಿಯರು ಬಲ್ಲರು. ೧೮೮೩ ಮತ್ತು ೧೮೮೪ನೆಯ ಇಸವಿಗಳ ಬ್ರಿಟಿಷ್ ಇಂಡಿಯಾದ ಕಾನೂನುಗಳು ಆ ಸಾಲಕ್ಕೆ ಆಧಾರವಾಗಿದ್ದುವು. ಕೊಟ್ಟ ಸಾಲವನ್ನು ಬಡ್ಡಿಸಹಿತ ಕಂತುಗಳಲ್ಲಿ ತೀರಿಸತಕ್ಕದ್ದೆಂಬುದೇ ಅದರ ಮುಖ್ಯ ನಿಯಮ. ಈಗ ಹೇಳಹೊರಟಿರುವ ಸಾಲದ ರೀತಿ ಬೇರೆ.

ಸಣ್ಣ ಉದ್ಯಮಗಳಿಗೆ ಸಂಬಂಧಿಸಿದಂತೆ ಇದರ ಒಳ್ಳೆಯ ಉದಾಹರಣೆಯೆಂದರೆ ೨೦೦೮ನೆಯ ಇಸವಿಯಲ್ಲಿ ಆರಂಭವಾದ ಪ್ರಧಾನ ಮಂತ್ರಿಯವರ ಉದ್ಯೋಗ ಸೃಜನ ಕಾರ್ಯಕ್ರಮ. ಹಿಂದೆ ಬೇರೆ ಬೇರೆಯಾಗಿದ್ದ ಎರಡು ಯೋಜನೆಗಳನ್ನು ಕೂಡಿಸಿ ಕೇಂದ್ರ ಸರ್ಕಾರವು ಇದನ್ನು ರಚಿಸಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಇದರ ಮುಖ್ಯ ಕಾರ್ಯಕರ್ತ ಸಂಸ್ಥೆ. ರಾಜ್ಯದ ಖಾದಿ ಗ್ರಾಮೋದ್ಯೋಗ ಮಂಡಳಿಯೂ ಜಿಲ್ಲಾ ಕೈಗಾರಿಕಾ ಕೇಂದ್ರಗಳೂ ಇದರ ಅಂಗಗಳಾಗಿ ಕೆಲಸ ಮಾಡುತ್ತ ಬಂದಿವೆ. ೨೦೨೧-೨೨ರಿಂದ ೨೦೨೫-೨೬ರ ವರೆಗಿನ ಅವಧಿಗೆ ಇದನ್ನು ಮುಂದುವರಿಸಿ, ೨೦೨೨ರಲ್ಲಿ ನಿಯಮಗಳನ್ನು ಪರಿಷ್ಕರಿಸಲಾಯಿತು. ಮುಂದೆ ಕೊಟ್ಟಿರುವ ಪ್ರಮಾಣಗಳು ಆ ಅವಧಿಯ ನಿಯಮಗಳಿಗೆ ಸಂಬಂಧಿಸಿದುವು. ಹೊಸದಾಗಿ ಅರ್ಜಿ ಹಾಕುವವರು ತಮ್ಮ ವರ್ಷದ ಪ್ರಮಾಣಗಳನ್ನು ಜಿಲ್ಲಾ ಕಛೇರಿಯಲ್ಲಿ ವಿಚಾರಿಸಿ ತಿಳಿಯತಕ್ಕದ್ದು.

ಆ ನಿಯಮಗಳಂತೆ ಸರಕು ತಯಾರಿಸುವ ಉದ್ಯಮಕ್ಕೆ ೫೦ ಲಕ್ಷ ರೂಪಾಯಿಗಳ ವರೆಗೂ, ಸೇವೆಯ ಉದ್ಯಮಕ್ಕೆ ೨೦ ಲಕ್ಷ ರೂಪಾಯಿಗಳ ವರೆಗೂ ಯೋಜನಾ ವೆಚ್ಚಕ್ಕೆ ಅವಕಾಶವಿತ್ತು. ಗ್ರಾಮಾಂತರ ಪ್ರದೇಶದಲ್ಲಿ ಸಾಮಾನ್ಯ ವರ್ಗದವರು ವೆಚ್ಚದ ಶೇಕಡ ೧೦ ಭಾಗವನ್ನು ಕೈಯಿಂದ ಹಾಕತಕ್ಕದ್ದು. ಅವರಿಗೆ ಸಹಾಯಧನ ಶೇಕಡ ೨೫. ಸ್ತ್ರೀಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು ಮೊದಲಾದವರಿಗೆ ಕೈಹಣ ಶೇಕಡ ೫, ಗ್ರಾಮಾಂತರದಲ್ಲಿ ಸಹಾಯಧನ ಶೇಕಡ ೩೫. ಪಟ್ಟಣಗಳಲ್ಲಿ ಈ ಸಹಾಯಧನವು ಕ್ರಮವಾಗಿ ಶೇಕಡ ೧೫ ಮತ್ತು ೨೫. ಜಮೀನಿನ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸಲಾಗದು. ಹೊಸ ಉದ್ಯಮಕ್ಕೆ ಮಾತ್ರ ಈ ನೆರವು. ಗಂಡಹೆಂಡಿರಲ್ಲಿ ಒಬ್ಬರಿಗೆ ಮಾತ್ರ ದೊರೆಯತಕ್ಕದ್ದು.

ಸಾಲಮನ್ನಾಕ್ಕೂ ಇದಕ್ಕೂ ಇರುವ ಭೇದ

ಸಹಾಯಧನದ ಸಾಲವೆಂದ ಕೂಡಲೆ ಹಳ್ಳಿಗಳಲ್ಲಿ ಅನೇಕರು ಅದನ್ನು ಸಾಲಮನ್ನಾದೊಂದಿಗೆ ಬೆರಸುವರು. ೨೦೦೮ರಲ್ಲಿ ಕೇಂದ್ರ ಸರ್ಕಾರವೂ ೨೦೧೮ರಲ್ಲಿ ಕರ್ನಾಟಕ ಸರ್ಕಾರವೂ ಬೆಳೆಸಾಲದ ಮನ್ನಾವನ್ನು ಘೋಷಿಸಿದುದು ಎಲ್ಲರ ನೆನಪಿನಲ್ಲಿದೆ. ಆ ಮನ್ನಾಗಳು ಮುಖ್ಯವಾಗಿ ಸಾಲ ತೀರಿಸಲಾರದೆ ಕಷ್ಟದಲ್ಲಿದ್ದವರನ್ನು ಉದ್ದೇಶಿಸಿದ್ದುವು. ಇಲ್ಲಿ ನಡೆಯುವುದು ಅದಕ್ಕೆ ತೀರ ವಿರುದ್ಧ. ಕಂತುಗಳನ್ನು ಸರಿಯಾಗಿ ಕಟ್ಟಿ, ಉದ್ಯಮವನ್ನು ನಡೆಸುತ್ತಿರುವವನಿಗೇ ಮಾಫಿಯು ಸಲ್ಲುತ್ತದೆ. "ಹೇಗೂ ಮನ್ನಾ ಆಗುವುದಲ್ಲ" ಎಂದು ಕಂತನ್ನು ನಿಲ್ಲಿಸಿದವನು ಆ ಮಾತಿನಿಂದಲೇ ಮಾಫಿಯನ್ನು ಕಳೆದುಕೊಳ್ಳುವನು. ಗ್ರಾಮದ ಮುಖಂಡರು ಈ ಒಂದು ಭೇದವನ್ನು ತಮ್ಮ ಜನರಿಗೆ ಚೆನ್ನಾಗಿ ತಿಳಿಯಹೇಳಿದರೆ ಅರ್ಧ ಕೆಲಸ ಮುಗಿದಂತೆಯೇ ಸರಿ.

ಷರತ್ತಿನ ಮೇಲೆ ಮಾಫಿ ಕೊಡುವ ಪದ್ಧತಿ ಅನ್ಯ ದೇಶಗಳಲ್ಲಿಯೂ ಉಂಟು. ಕೋವಿಡ್ ಪಿಡುಗಿನ ಕಾಲದಲ್ಲಿ, ೨೦೨೦ರ ಮಾರ್ಚಿಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಸರ್ಕಾರವು ಸಣ್ಣ ಉದ್ಯಮಿಗಳಿಗೆ ಶೇಕಡ ೧ರ ಬಡ್ಡಿಯಲ್ಲಿ ಸಾಲ ಕೊಡಿಸುವ ಕಾನೂನನ್ನು ಮಾಡಿತು. ಕೆಲಸಗಾರರನ್ನು ಬಿಡಿಸದೆ, ಸಾಲದ ಹಣದ ಬಹುಭಾಗವನ್ನು ಅವರ ಸಂಬಳಕ್ಕೂ ಉಳಿದುದನ್ನು ಬಾಡಿಗೆ, ವಿದ್ಯುತ್ತು ಮೊದಲಾದುವಕ್ಕೂ ವೆಚ್ಚ ಮಾಡಿ ಲೆಕ್ಕ ಒಪ್ಪಿಸಿದವರಿಗೆ ಸಾಲವೆಲ್ಲವೂ ಮಾಫಿಯಾಗುತ್ತಿತ್ತು. ಸಂಬಳಕ್ಕೆ ಶೇಕಡ ೭೫ ಭಾಗ ಹೋಗಬೇಕೆಂದು ಮೊದಲು ಇದ್ದ ನಿಯಮವನ್ನು ಅದೇ ವರ್ಷದ ಜೂನ್ ತಿಂಗಳಲ್ಲಿ ಶೇಕಡ ೬೦ಕ್ಕೆ ಇಳಿಸಲಾಯಿತು. ೨೦೨೧ರ ಮೇ ೩೧ಕ್ಕೆ ಆ ಸಾಲಗಳ ಹೊಸ ಅರ್ಜಿಗಳು ಮುಗಿದುವು. ನಿಯಮವು ನಡುವೆ ಬದಲಾದರೂ ಕಾಗದಪತ್ರಗಳನ್ನು ಕ್ರಮವಾಗಿ ಇಟ್ಟವರು ಅಂಜಬೇಕಾಗಿರಲಿಲ್ಲ. ಇಲ್ಲಿಯೂ ಅದೇ ನೀತಿ ಅನ್ವಯಿಸುತ್ತದೆ.

ಲೆಕ್ಕದ ಒಂದು ಉದಾಹರಣೆ

ಚಳ್ಳಕೆರೆಯ ಕಡೆಯ ಒಬ್ಬ ರೈತನು ನೆಲಗಡಲೆಯ ಎಣ್ಣೆ ಗಾಣವನ್ನು ಹಾಕುವನೆಂದು ಇಟ್ಟುಕೊಳ್ಳೋಣ. ಯಂತ್ರಗಳಿಗೂ ವಿದ್ಯುತ್ ಜೋಡಣೆಗೂ ೬,೦೦,೦೦೦ ರೂಪಾಯಿ, ಷೆಡ್ಡಿಗೆ ೧,೫೦,೦೦೦ ರೂಪಾಯಿ, ಕಾಯಿ ಕೊಳ್ಳುವುದು ಮೊದಲಾದ ದುಡಿಯುವ ಬಂಡವಾಳಕ್ಕೆ ೨,೫೦,೦೦೦ ರೂಪಾಯಿ, ಒಟ್ಟು ೧೦,೦೦,೦೦೦ ರೂಪಾಯಿ. ಅವನು ಸಾಮಾನ್ಯ ವರ್ಗದವನಾದರೆ ಲೆಕ್ಕವು ಹೀಗಾಗುತ್ತದೆ:

ಕೈಯಿಂದ ಹಾಕತಕ್ಕ ಹಣ: ೧,೦೦,೦೦೦ ರೂ.
ಬ್ಯಾಂಕು ಕೊಡುವ ಸಾಲ: ೯,೦೦,೦೦೦ ರೂ.
ಅದರಲ್ಲಿ ಸರ್ಕಾರವು ವಹಿಸಿಕೊಳ್ಳುವ ಭಾಗ: ೨,೫೦,೦೦೦ ರೂ.
ಉದ್ಯಮಿಯು ನಿಜವಾಗಿ ತೀರಿಸತಕ್ಕ ಅಸಲು: ೬,೫೦,೦೦೦ ರೂ.

ಇದೇ ಗಾಣವನ್ನು ಅವನ ಪತ್ನಿಯ ಹೆಸರಿನಲ್ಲಿ, ಆಕೆಯೇ ನಡೆಸುವಂತೆ ಹಾಕಿದ್ದಾದರೆ ಕೈಹಣ ೫೦,೦೦೦, ಬ್ಯಾಂಕಿನ ಸಾಲ ೯,೫೦,೦೦೦, ಸರ್ಕಾರದ ಭಾಗ ೩,೫೦,೦೦೦, ತೀರಿಸತಕ್ಕ ಅಸಲು ೬,೦೦,೦೦೦ ರೂಪಾಯಿಗಳಾಗುವುವು. ಹೆಸರಿಗೆ ಮಾತ್ರ ಸ್ತ್ರೀಯರನ್ನು ಮುಂದಿಟ್ಟು ವ್ಯವಹಾರವನ್ನು ಗಂಡಸರು ನಡೆಸುವುದು ತರವಲ್ಲ. ತನಿಖೆಯ ದಿನ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಖಾತೆದಾರರೇ.

ಮೂರು ವರ್ಷಗಳ ಕಟ್ಟು

ಬ್ಯಾಂಕು ಸಾಲದ ಮೊದಲನೆಯ ಭಾಗವನ್ನು ಬಿಡುಗಡೆ ಮಾಡಿದ ಮೇಲೆ ಸಹಾಯಧನವನ್ನು ಕೇಳಿ ತರಿಸಿಕೊಳ್ಳುತ್ತದೆ. ಆದರೆ ಅದು ಉದ್ಯಮಿಯ ಕೈಗೆ ಬರುವುದಿಲ್ಲ, ಸಾಲಕ್ಕೂ ಒಡನೆಯೇ ಜಮೆಯಾಗುವುದಿಲ್ಲ. ಅವನ ಹೆಸರಿನಲ್ಲಿ ಮೂರು ವರ್ಷಗಳ ಠೇವಣಿಯಾಗಿ ಅದೇ ಬ್ಯಾಂಕಿನಲ್ಲಿ ಕುಳಿತಿರುತ್ತದೆ. ಈ ಠೇವಣಿಗೆ ಬ್ಯಾಂಕು ಬಡ್ಡಿ ಕೊಡುವುದಿಲ್ಲ. ಅದಕ್ಕೆ ಬದಲಾಗಿ, ಠೇವಣಿಗೆ ಸಮನಾದ ಸಾಲದ ಭಾಗಕ್ಕೆ ಬಡ್ಡಿಯನ್ನೂ ಹಾಕಕೂಡದು. ಮೇಲಿನ ಉದಾಹರಣೆಯಲ್ಲಿ, ಲೆಕ್ಕಕ್ಕಾಗಿ ವರ್ಷಕ್ಕೆ ಶೇಕಡ ೧೧ರ ಬಡ್ಡಿಯೆಂದು ಹಿಡಿದರೆ, ೯,೦೦,೦೦೦ ರೂಪಾಯಿಗೆ ಮೊದಲ ವರ್ಷ ೯೯,೦೦೦ ರೂಪಾಯಿ ಬಡ್ಡಿಯಾಗುತ್ತದೆ. ೬,೫೦,೦೦೦ಕ್ಕೆ ೭೧,೫೦೦ ಮಾತ್ರ. ವ್ಯತ್ಯಾಸವು ೨೭,೫೦೦ ರೂಪಾಯಿ. ಆದ್ದರಿಂದ ಸಹಾಯಧನವು ಬಂದು ಠೇವಣಿಯಾದ ತಾರೀಖನ್ನು ಬ್ಯಾಂಕಿನಲ್ಲಿ ಕೇಳಿ ಬರೆದಿಟ್ಟುಕೊಂಡು, ಅಂದಿನಿಂದ ಬಡ್ಡಿಯು ಯಾವ ಮೊತ್ತದ ಮೇಲೆ ಬಿದ್ದಿದೆಯೆಂಬುದನ್ನು ಖಾತೆಯ ನಕಲಿನಲ್ಲಿ ನೋಡತಕ್ಕದ್ದು. ತಪ್ಪು ಕಂಡರೆ ಬ್ಯಾಂಕಿನ ವ್ಯವಸ್ಥಾಪಕರಿಗೆ ಬರಹದ ಮೂಲಕ ತಿಳಿಸಬೇಕು. ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ.

ಮೊದಲನೆಯ ಬಿಡುಗಡೆಯ ತಾರೀಖಿನಿಂದ ಮೂರು ವರ್ಷ ತುಂಬಿದ ಮೇಲೆ ಉದ್ಯಮವನ್ನು ಸ್ಥಳದಲ್ಲಿ ತನಿಖೆ ಮಾಡಿ, ಅದು ನಡೆಯುತ್ತಿದ್ದರೆ ಠೇವಣಿಯನ್ನು ಸಾಲಕ್ಕೆ ಜಮೆ ಮಾಡುವರು. ಸರ್ಕಾರವು ಹಣವನ್ನು ಹೀಗೆ ಕಟ್ಟಿಡುವುದಕ್ಕೆ ಕಾರಣವು ಸ್ಪಷ್ಟ. ಮೊದಲೇ ಕೈಗೆ ಕೊಟ್ಟರೆ ಹಣವನ್ನು ಪಡೆದು ಯಂತ್ರವನ್ನು ಮಾರಿ ಬಾಗಿಲು ಮುಚ್ಚುವವರಿಗೂ ದುಡಿಯುವವರಿಗೂ ಭೇದವಿರುವುದಿಲ್ಲ.

ಬೆಂಕಿ, ನೆರೆ ಮೊದಲಾದ ಕೈಮೀರಿದ ಕಾರಣಗಳಿಂದ ಮೂರು ವರ್ಷದೊಳಗೆ ಸಾಲವು ಕೆಟ್ಟರೆ ಠೇವಣಿಯನ್ನು ಸಾಲಕ್ಕೆ ಹೊಂದಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಆದರೆ ಸಾಲ ಪಡೆಯುವ ಮೊದಲು ಉದ್ಯಮಿಯು ಒಂದು ಮುಚ್ಚಳಿಕೆಯನ್ನು ಬರೆದುಕೊಡಬೇಕಾಗುತ್ತದೆ: ಸಂಬಂಧಪಟ್ಟ ಸಂಸ್ಥೆಯು ಬರಹದಲ್ಲಿ ಆಕ್ಷೇಪಣೆ ತಿಳಿಸಿದ ಪಕ್ಷದಲ್ಲಿ, ಠೇವಣಿಯಲ್ಲಿರುವ ಹಣವನ್ನಾಗಲಿ, ಮೂರು ವರ್ಷದ ನಂತರ ತನಗೆ ಸಂದ ಹಣವನ್ನಾಗಲಿ ಹಿಂದಿರುಗಿಸುವೆನೆಂಬುದು ಅದರ ತಾತ್ಪರ್ಯ. ಈ ಕಾಗದವನ್ನು ಓದಿಸಿ ತಿಳಿಯದೆ ರುಜು ಹಾಕಕೂಡದು.

ದುಡಿಯುವ ಬಂಡವಾಳದ ನಿಯಮ

ಬ್ಯಾಂಕು ಯಂತ್ರಕ್ಕೂ ಷೆಡ್ಡಿಗೂ ಕಂತಿನ ಸಾಲವಾಗಿಯೂ, ದುಡಿಯುವ ಬಂಡವಾಳಕ್ಕೆ ಬೇಕಾದಾಗ ತೆಗೆದು ಬೇಡವಾದಾಗ ಕಟ್ಟುವ ಕ್ಯಾಷ್ ಕ್ರೆಡಿಟ್ ಸಾಲವಾಗಿಯೂ ಹಣ ಕೊಡುತ್ತದೆ. ನಮ್ಮ ಉದಾಹರಣೆಯ ಗಾಣದಲ್ಲಿ ಕಂತಿನ ಸಾಲ ೬,೭೫,೦೦೦, ಕ್ಯಾಷ್ ಕ್ರೆಡಿಟ್ ಮಿತಿ ೨,೨೫,೦೦೦ ರೂಪಾಯಿ. ಈ ಎರಡನೆಯದರ ವಿಷಯದಲ್ಲಿ ಅನೇಕರಿಗೆ ತಿಳಿಯದ ನಿಯಮವೊಂದುಂಟು. ಮೂರು ವರ್ಷದೊಳಗೆ ಒಂದು ಸಾರಿಯಾದರೂ ಮಿತಿಯ ಪೂರ್ತ ಮೊತ್ತವನ್ನು ಬಳಸಿರಬೇಕು. ಒಟ್ಟಿನ ಬಳಕೆಯು ಮಿತಿಯ ಶೇಕಡ ೭೫ಕ್ಕೆ, ಎಂದರೆ ಇಲ್ಲಿ ೧,೬೮,೭೫೦ ರೂಪಾಯಿಗೆ ಕಡಿಮೆಯಾಗಕೂಡದು. ಕಡಿಮೆಯಾದರೆ ಅದಕ್ಕೆ ತಕ್ಕ ಪ್ರಮಾಣದ ಸಹಾಯಧನವು ಆಯೋಗಕ್ಕೆ ಹಿಂದಿರುಗುತ್ತದೆ.

ಸಾಲಕ್ಕೆ ಹೆದರುವ ಒಳ್ಳೆಯ ರೈತನೇ ಈ ನಿಯಮದಲ್ಲಿ ಸಿಕ್ಕಿಬೀಳುವನು. "ಬಡ್ಡಿ ಏಕೆ" ಎಂದು ಅವನು ಆ ಖಾತೆಯನ್ನು ಮುಟ್ಟದೆ ಸ್ವಂತ ಹಣದಲ್ಲಿ ಕಾಯಿ ಕೊಳ್ಳುವನು. ಕಡೆಗೆ ನಷ್ಟವು ಅವನಿಗೇ. ಆದಕಾರಣ ಯೋಜನೆಯ ವರದಿಯನ್ನು ಬರೆಸುವಾಗಲೇ ದುಡಿಯುವ ಬಂಡವಾಳವನ್ನು ತನಗೆ ನಿಜವಾಗಿ ಬೇಕಾದಷ್ಟಕ್ಕೆ ಮಾತ್ರ ಹಾಕಿಸತಕ್ಕದ್ದು. ಸಹಾಯಧನ ಹೆಚ್ಚಲೆಂದು ಉಬ್ಬಿಸಲಾಗದು.

ಮುಂಗಾರಿನ ನೆಲಗಡಲೆಯು ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಕೈಗೆ ಬರುತ್ತದೆ. ಆವಕ ಹೆಚ್ಚಿ ಧಾರಣೆ ಇಳಿದಿರುವ ಆಗಲೇ ಮಿತಿಯ ಹಣವನ್ನು ಪೂರ್ತ ತೆಗೆದು ಕಾಯಿಯನ್ನು ಕೊಂಡರೆ, ನಿಯಮವೂ ನಡೆಯಿತು, ಗಾಣಕ್ಕೆ ಮುಂದಿನ ತಿಂಗಳುಗಳ ಸರಕೂ ಒದಗಿತು. ಕೊಂಡ ಕಾಯಿಯನ್ನು ತೇವಾಂಶವು ಶೇಕಡ ೮ಕ್ಕೆ ಇಳಿಯುವವರೆಗೆ ಒಣಗಿಸಿ, ನೆಲಕ್ಕೆ ತಾಗದಂತೆ ಮರದ ಅಟ್ಟಣೆಯ ಮೇಲೆ ಚೀಲಗಳನ್ನು ಜೋಡಿಸತಕ್ಕದ್ದು. ತೇವವುಳ್ಳ ಕಾಯಿಗೆ ಬೂಷ್ಟು ಹಿಡಿದು ವಿಷವುಂಟಾಗುತ್ತದೆ, ಎಣ್ಣೆ ಕೆಡುತ್ತದೆ. ಬ್ಯಾಂಕಿಗೆ ಆಧಾರವಾಗಿರುವುದೂ ಆ ಸರಕೇ ಆದ್ದರಿಂದ ಚೀಲ ಕೆಟ್ಟರೆ ಸಾಲದ ಬೇರೂ ಕೆಟ್ಟಿತೆಂದು ತಿಳಿಯಬೇಕು.

ಕಂತು ಮತ್ತು ತೊಂಬತ್ತು ದಿನಗಳು

ಆರಂಭದ ವಿರಾಮಾವಧಿಯ ನಂತರ ಮೂರರಿಂದ ಏಳು ವರ್ಷಗಳಲ್ಲಿ ಸಾಲವನ್ನು ತೀರಿಸಲು ಅವಕಾಶವಿದೆ. ವಿರಾಮಾವಧಿಯೆಂದರೆ ಬಡ್ಡಿಯಿಲ್ಲದ ಕಾಲವಲ್ಲ. ಕಂತು ಮಾತ್ರ ಇಲ್ಲದ ಕಾಲ. ಕಂತಾಗಲಿ ಬಡ್ಡಿಯಾಗಲಿ ಗಡುವು ಮೀರಿ ೯೦ ದಿನಗಳಿಗಿಂತ ಹೆಚ್ಚು ಬಾಕಿಯಿದ್ದರೆ ಬ್ಯಾಂಕು ಆ ಖಾತೆಯನ್ನು ಕೆಟ್ಟ ಸಾಲಗಳ ಪಟ್ಟಿಗೆ ಸೇರಿಸತಕ್ಕದ್ದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಇದರಲ್ಲಿ ವ್ಯವಸ್ಥಾಪಕರ ದಾಕ್ಷಿಣ್ಯಕ್ಕೆ ಸ್ಥಳವಿಲ್ಲ.

ಬೇಸಾಯಗಾರನಿಗೆ ಆದಾಯವು ವರ್ಷಕ್ಕೆ ಒಂದೆರಡು ಸಾರಿ ಬರುವುದು ವಾಡಿಕೆ. ಬ್ಯಾಂಕಿನ ಕಂತಾದರೋ ತಿಂಗಳು ತಿಂಗಳಿಗೂ ಬರುತ್ತದೆ. ಈ ಎರಡು ಕಾಲಮಾನಗಳ ಹೊಂದಿಕೆಯಲ್ಲಿಯೇ ಹೆಚ್ಚು ಜನ ಎಡವುವರು. ಕಂತು ತಿಂಗಳಿಗೆ ೧೫,೦೦೦ ರೂಪಾಯಿಯೆಂದು ಇಟ್ಟುಕೊಂಡರೆ, ಮೊದಲನೆಯ ಮಾರಾಟದ ಹಣದಲ್ಲಿಯೇ ಮೂರು ಕಂತುಗಳ ೪೫,೦೦೦ ರೂಪಾಯಿಯನ್ನು ಬೇರೆ ಉಳಿತಾಯ ಖಾತೆಯಲ್ಲಿ ಇಟ್ಟು, ಕಂತು ಕಟ್ಟುವುದಕ್ಕಲ್ಲದೆ ಅದನ್ನು ಮುಟ್ಟಬಾರದು. ಮಳೆಗಾಲದಲ್ಲಿ ಮಾರಾಟ ಕುಗ್ಗಿದಾಗ ಅದರಿಂದ ಕಂತು ಕಟ್ಟಿ, ಸುಗ್ಗಿಯಲ್ಲಿ ಮರಳಿ ತುಂಬತಕ್ಕದ್ದು. ಕಂತು ತಪ್ಪುವ ಸೂಚನೆ ಕಂಡ ಕೂಡಲೆ, ತಪ್ಪುವುದಕ್ಕೆ ಮೊದಲೇ ಬ್ಯಾಂಕಿಗೆ ಹೋಗಿ ಕಾರಣವನ್ನು ತಿಳಿಸುವುದು ಲೇಸು.

ಇಬ್ಬರು ನೆರೆಯವರ ದೃಷ್ಟಾಂತ

ಒಂದೇ ಊರಿನ ಇಬ್ಬರು ಒಂದೇ ತಿಂಗಳಲ್ಲಿ ಮೇಲೆ ಹೇಳಿದಂತೆ ಸಾಲ ಪಡೆದರೆಂದು ಊಹಿಸೋಣ. ಮೊದಲನೆಯವನು ದುಡಿಯುವ ಬಂಡವಾಳವನ್ನು ತೆಗೆದು ಮಗಳ ಮದುವೆಗೆ ವೆಚ್ಚ ಮಾಡಿದನು. ಕಾಯಿ ಕೊಳ್ಳಲು ಹಣವಿಲ್ಲದೆ ಗಾಣವು ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ತಿರುಗಿತು. ಎರಡನೆಯ ವರ್ಷ ಕಂತು ನಿಂತು ೯೦ ದಿನ ಮೀರಿತು. ಯಂತ್ರವನ್ನು ಅರ್ಧ ಬೆಲೆಗೆ ಮಾರಿದನು. ತನಿಖೆಯವರು ಬಂದಾಗ ಕಂಡುದು ಬರಿಯ ಷೆಡ್ಡು. ಹಣವು ಬೇರೆ ದಾರಿಗೆ ಹೋದುದರಿಂದ ಆಕ್ಷೇಪಣೆ ಬಂದು, ಕೊಟ್ಟ ಮುಚ್ಚಳಿಕೆಯಂತೆ ೨,೫೦,೦೦೦ ರೂಪಾಯಿ ಕೈಬಿಟ್ಟಿತು. ಉಳಿದ ಅಸಲು, ಬಡ್ಡಿ ಎಲ್ಲವೂ ಅವನ ತಲೆಯ ಮೇಲೆ ನಿಂತುವು. ಮುಂದೆ ಬೆಳೆಸಾಲಕ್ಕೆ ಹೋದಾಗಲೂ ಆ ಕೆಟ್ಟ ಖಾತೆಯೇ ಅಡ್ಡ ಬಂದಿತು.

ಎರಡನೆಯವನಿಗೂ ಮಗಳ ಮದುವೆಯಿದ್ದಿತು. ಅವನು ಗಾಣದ ಹಣವನ್ನು ಮುಟ್ಟದೆ ಮದುವೆಯನ್ನು ಒಂದು ಸುಗ್ಗಿ ಮುಂದಕ್ಕೆ ಹಾಕಿದನು. ಎರಡನೆಯ ವರ್ಷ ಮಳೆ ಕೈಕೊಟ್ಟು ಕಾಯಿಯ ಧಾರಣೆ ಏರಿದಾಗ ಊರಿನವರ ಕಾಯಿಯನ್ನು ಕೂಲಿಗೆ ಅರೆದುಕೊಟ್ಟು ಗಾಣವನ್ನು ನಡೆಸಿದನು. ಬೇರೆಯಿಟ್ಟ ಹಣದಿಂದ ಎರಡು ಕಂತು ಕಟ್ಟಿದನು. ಮೂರು ವರ್ಷ ತುಂಬಿದಾಗ ೨,೫೦,೦೦೦ ರೂಪಾಯಿ ಅವನ ಸಾಲಕ್ಕೆ ಜಮೆಯಾಯಿತು. ಇಬ್ಬರ ಬುದ್ಧಿಯಲ್ಲಾಗಲಿ ಜಮೀನಿನಲ್ಲಾಗಲಿ ಹೆಚ್ಚು ಕಡಮೆಯಿರಲಿಲ್ಲ. ಮನೆಯ ಹಣವನ್ನೂ ಗಾಣದ ಹಣವನ್ನೂ ಒಬ್ಬನು ಬೆರಸಿದನು, ಮತ್ತೊಬ್ಬನು ಬೇರೆಯಿಟ್ಟನು.

ಇಡತಕ್ಕ ಪುಸ್ತಕಗಳು

ಸಣ್ಣ ಉದ್ಯಮಕ್ಕೆ ದೊಡ್ಡ ಲೆಕ್ಕಪತ್ರಗಳು ಬೇಕಿಲ್ಲ. ಆದರೆ ಕೆಳಗಿನವು ಇಲ್ಲದಿದ್ದರೆ ನಡೆಯದು:

೧. ದಿನವಹಿ: ಆಯಾ ದಿನದ ಹಣದ ಬರವು ಮತ್ತು ವೆಚ್ಚ, ಅಂದೇ ರಾತ್ರಿ ಬರೆದದ್ದು.
೨. ಸರಕಿನ ಪುಸ್ತಕ: ಬಂದ ಕಾಯಿ, ಅರೆದ ಕಾಯಿ, ದೊರೆತ ಎಣ್ಣೆ ಮತ್ತು ಹಿಂಡಿ, ಉಳಿದ ಸರಕು. ಬ್ಯಾಂಕಿಗೆ ಸರಕಿನ ತಃಖ್ತೆಯನ್ನು ಒಪ್ಪಿಸಲು ಇದೇ ಆಧಾರ.
೩. ಕೂಲಿಯ ಪುಸ್ತಕ: ಆಳುಗಳ ಹೆಸರು, ದಿನ, ಕೂಲಿ, ರುಜು. ಉದ್ಯೋಗ ಸೃಜನವೇ ಯೋಜನೆಯ ಉದ್ದೇಶವಾದುದರಿಂದ ತನಿಖೆಯಲ್ಲಿ ಇದನ್ನು ಕೇಳುವರು.
೪. ರಶೀದಿಗಳ ಕಡತ: ಯಂತ್ರದ ಬಿಲ್ಲು, ವಿದ್ಯುತ್ ಬಿಲ್ಲು, ವಿಮೆಯ ಪತ್ರ, ಮಂಜೂರಾತಿ ಪತ್ರ, ಮುಚ್ಚಳಿಕೆಯ ನಕಲು, ತರಬೇತಿಯ ಪತ್ರ.

ಯಂತ್ರಕ್ಕೂ ಸರಕಿಗೂ ಬೆಂಕಿಯ ವಿಮೆಯನ್ನು ವರ್ಷವರ್ಷವೂ ತಪ್ಪದೆ ಹೊಸದು ಮಾಡಿಸಬೇಕು. ಯಾವ ಬ್ಯಾಂಕಿನಿಂದ, ಯಾವ ಕಾರ್ಯಕ್ರಮದ ಕೆಳಗೆ ಹಣ ಬಂದಿತೆಂಬುದನ್ನು ತಿಳಿಸುವ ಫಲಕವನ್ನು ಉದ್ಯಮದ ಮುಖ್ಯ ಬಾಗಿಲಲ್ಲಿ ಹಾಕತಕ್ಕದ್ದೆಂಬುದೂ ನಿಯಮವೇ. ಎಣ್ಣೆ, ಹಿಟ್ಟು ಮೊದಲಾದ ಆಹಾರಪದಾರ್ಥಗಳಿಗೆ ಆಹಾರ ಸುರಕ್ಷತೆಯ ನೋಂದಣಿಯನ್ನು ಮಾರಾಟಕ್ಕೆ ಮೊದಲೇ ಪಡೆಯಬೇಕು.

ಗ್ರಾಮದ ಮುಖಂಡರು ಗಮನಿಸತಕ್ಕ ವಿಷಯಗಳು

ಮೊದಲನೆಯದಾಗಿ, ಗ್ರಾಮಾಂತರದ ಪ್ರಮಾಣಪತ್ರವನ್ನು ಗಾಣವಿರುವ ಸ್ಥಳವನ್ನು ನೋಡಿ ಕೊಡಿಸತಕ್ಕದ್ದು. ಪಟ್ಟಣದಲ್ಲಿ ಉದ್ಯಮವಿಟ್ಟು ಹಳ್ಳಿಯ ಪತ್ರ ಪಡೆದರೆ ಶೇಕಡ ೧೦ ಭಾಗದ ಸಹಾಯಧನವು ಸುಳ್ಳಿನ ಮೇಲೆ ನಿಂತಂತಾಗುತ್ತದೆ. ಕಟ್ಟಿನ ಅವಧಿ ಮುಗಿದ ಮೇಲೆ ಕೂಡ ಆಕ್ಷೇಪಣೆ ಬರಬಹುದು. ಎರಡನೆಯದಾಗಿ, ಅವಿಭಕ್ತ ಕುಟುಂಬದ ಜಮೀನಿನಲ್ಲಿ ಷೆಡ್ಡು ಕಟ್ಟುವುದಾದರೆ ಅಣ್ಣತಮ್ಮಂದಿರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಬೇಕು, ವ್ಯವಸಾಯೇತರ ಉಪಯೋಗಕ್ಕೆ ಬೇಕಾದ ಅನುಮತಿಯನ್ನೂ ಮೊದಲೇ ಪಡೆಯಬೇಕು. ಮೂರು ವರ್ಷದ ನಡುವೆ ಪಾಲುಪಾರೀಖತ್ತಿನ ವ್ಯಾಜ್ಯವೆದ್ದು ಗಾಣಕ್ಕೆ ಬೀಗ ಬಿದ್ದರೆ ನಷ್ಟವು ಇಡೀ ಮನೆತನಕ್ಕೆ. ಮೂರನೆಯದಾಗಿ, ಸಾಲ ಕೊಡಿಸುವೆನೆಂದು ಹಣ ಕೇಳುವ ಮಧ್ಯವರ್ತಿಗಳನ್ನು ಊರಿಗೆ ಸೇರಿಸಕೂಡದು. ಈ ಕಾರ್ಯಕ್ರಮಕ್ಕೆ ಯಾವ ಖಾಸಗಿ ದಲ್ಲಾಳಿಗಳನ್ನೂ ನೇಮಿಸಿಲ್ಲವೆಂದು ಆಯೋಗವೇ ಪ್ರಕಟಿಸಿದೆ.

ನಿಯಮದಂತೆ ನಡೆದು ಸಹಾಯಧನವನ್ನು ಜಮೆ ಮಾಡಿಸಿಕೊಂಡು, ಮೊದಲನೆಯ ಸಾಲವನ್ನು ಗಡುವಿನೊಳಗೆ ತೀರಿಸಿ ಲಾಭದಲ್ಲಿರುವ ಉದ್ಯಮಗಳಿಗೆ ವಿಸ್ತರಣೆಗಾಗಿ ಎರಡನೆಯ ಸಾಲದ ಅವಕಾಶವನ್ನೂ ಅದೇ ನಿಯಮಗಳು ಕಲ್ಪಿಸಿದ್ದುವು. ತಯಾರಿಕೆಯ ಉದ್ಯಮಕ್ಕೆ ಒಂದು ಕೋಟಿ ರೂಪಾಯಿಗಳ ವರೆಗೆ, ಶೇಕಡ ೧೫ರ ಸಹಾಯಧನದೊಂದಿಗೆ ಅದು ದೊರೆಯಬಹುದಾಗಿತ್ತು. ಮೊದಲ ಮೂರು ವರ್ಷಗಳ ನಡತೆಯೇ ಮುಂದಿನ ಸಾಲಕ್ಕೆ ಜಾಮೀನಾಯಿತೆಂದು ಇದರಿಂದ ಗೊತ್ತಾಗುತ್ತದೆ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಈ ಸಾಲಕ್ಕೂ ಸಲ್ಲುತ್ತದೆ. ಸಾಲ ಪಡೆದ ದಿನದ ತಾರೀಖನ್ನೂ, ಅದರಿಂದ ಮೂರು ವರ್ಷ ತುಂಬುವ ತಾರೀಖನ್ನೂ ಗಾಣದ ಗೋಡೆಯ ಮೇಲೆ ಬರೆಸಿಡುವುದು ಒಳ್ಳೆಯದು. ಆ ದಿನದವರೆಗೆ ಯಂತ್ರವನ್ನು ನಿಲ್ಲಿಸದೆ, ಕಂತನ್ನು ತಪ್ಪಿಸದೆ, ಲೆಕ್ಕವನ್ನು ಬಿಡದೆ ನಡೆಸಿದವರು ಸಹಾಯಧನವನ್ನು ಪೂರ್ತಯಾಗಿ ಪಡೆದು, ಊರಿನ ಬೆಳೆಗೆ ಊರಿನಲ್ಲಿಯೇ ಬೆಲೆ ಬರುವಂತೆ ಮಾಡಬಲ್ಲರು.